ಪ್ಲಗ್ ವೈರು: ಕಾಗಿಣಾ ಸೀಮೆಯ ಹಳೆಯ ಕಾರುಗಳಲ್ಲಿ ಕಿಡಿಯ ದಾರಿ

ಪೆಟ್ರೋಲ್ ಕಾರಿನ ಡಿಸ್ಟ್ರಿಬ್ಯೂಟರಿನಿಂದ ಒಂದೊಂದು ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೂ ಹೈಟೆನ್ಷನ್ ಕರೆಂಟನ್ನು ಒಯ್ಯುವ ದಪ್ಪ ಹೊದಿಕೆಯ ತಂತಿಗೆ ಪ್ಲಗ್ ವೈರು ಎನ್ನುತ್ತಾರೆ. ಇಗ್ನಿಷನ್ ಕಾಯಿಲಿನಿಂದ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಟ್ಟನಡುವಿನ ಗೂಡಿಗೆ ಬರುವ ತಂತಿಯೂ ಇದೇ ಜಾತಿಯದು. ಹೀಗಾಗಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಜೀಪುಗಳಂಥ ನಾಲ್ಕು ಸಿಲಿಂಡರಿನ ಗಾಡಿಗಳಲ್ಲಿ ಐದು ತಂತಿಗಳು, ಮೂರು ಸಿಲಿಂಡರಿನ ಹಳೆಯ ಮಾರುತಿ 800ರಲ್ಲಿ ನಾಲ್ಕು. ದಪ್ಪ ಸಾಮಾನ್ಯವಾಗಿ 7 ಅಥವಾ 8 ಮಿಲಿಮೀಟರ್. ಉದ್ದ ಒಂದು ಮೊಳದ ಆಚೀಚೆ. ಬೆಲೆ ಕಡಿಮೆ, ನೋಟಕ್ಕೆ ಸಾದಾ. ಆದರೆ ಇದರ ಮೈಯಿಂದ ಕಿಡಿ ಸೋರತೊಡಗಿದರೆ ಎಷ್ಟು ಗಟ್ಟಿಮುಟ್ಟಾದ ಎಂಜಿನ್ನೂ ಕುಂಟುತ್ತದೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆ ಈ ತಂತಿಯ ಗುಣದೋಷಗಳನ್ನು ಅರಿಯಲು ತಕ್ಕ ನೆಲ. ಇದು ಭೀಮಾ ಕೊಳ್ಳದ ಸುಣ್ಣಕಲ್ಲಿನ ಸೀಮೆ, ಕಾಗಿಣಾ ಹರಿಯುವ ಸೀಮೆ. ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಫರಸಿ ಇಲ್ಲಿನದೇ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಎಂಬ ಒಂದೇ ಕಂಪನಿ ಆದಾಗ ಅವುಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದಾಗಿತ್ತು. 1968ರಲ್ಲಿ ವಾಡಿಯಲ್ಲಿ ಎಸಿಸಿಯ ದೊಡ್ಡ ಕಾರ್ಖಾನೆ ಶುರುವಾಯಿತು. ಮುಂದೆ ಸೇಡಂನಲ್ಲಿ ವಾಸವದತ್ತಾ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ರಾಜಶ್ರೀ ಸಿಮೆಂಟ್ ಬಂದವು. ಕಲ್ಲಿನ ಖಣಿ, ಫರಸಿ ಪಾಲಿಶ್ ಘಟಕ, ಸಿಮೆಂಟ್ ಲಾರಿಗಳ ಸಾಲು, ಯರಿ ಹೊಲದ ಮಣ್ಣು ಎಲ್ಲ ಸೇರಿ ಬೇಸಿಗೆಯಲ್ಲಿ ಏಳುವ ಧೂಳು ಬಾನೆಟ್ಟಿನೊಳಗೆ ಹೋಗಿ ಕೂರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಇಲ್ಲಿ ವಾಡಿಕೆ. ಅದರ ಬೆನ್ನಿಗೇ ಮಿರಗದ (ಮೃಗಶಿರಾ) ಮಳೆ. ಬಿಸಿಲು, ಧೂಳು, ಮೊದಲ ಮಳೆಯ ತೇವ ಇವು ಮೂರೂ ಸೇರಿದರೆ ಹೈಟೆನ್ಷನ್ ತಂತಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ಮೊದಮೊದಲ ಕಾರುಗಳಲ್ಲಿ ಎಷ್ಟೋ ಇಂಥ ತಂತಿ ಇಲ್ಲದೆಯೇ ಓಡಿದವು. ಅವುಗಳಲ್ಲಿ ಕಾದ ಕೊಳವೆಯಿಂದಲೋ, ಸಿಲಿಂಡರಿನೊಳಗೇ ಬಿಚ್ಚಿ ಮುಚ್ಚುವ ಸಂಪರ್ಕದಿಂದಲೋ ಪೆಟ್ರೋಲನ್ನು ಹೊತ್ತಿಸುತ್ತಿದ್ದರು. ಜರ್ಮನಿಯ ಬಾಷ್ ಕಂಪನಿಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಹೈಟೆನ್ಷನ್ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನು ಸಿದ್ಧಪಡಿಸಿದ ಮೇಲೆ, ಸಾವಿರಾರು ವೋಲ್ಟನ್ನು ಸೋರದಂತೆ ಒಯ್ಯುವ ತಂತಿ ಅನಿವಾರ್ಯವಾಯಿತು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಮತ್ತು ಕಾಯಿಲಿನ ಪದ್ಧತಿ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು; ಪಾಯಿಂಟು, ಕಂಡೆನ್ಸರು, ಕಾಯಿಲು, ಡಿಸ್ಟ್ರಿಬ್ಯೂಟರು ಇರುವ ಆ ವ್ಯವಸ್ಥೆ ಮುಂದಿನ ಏಳು ದಶಕಗಳ ಕಾಲ ಜಗತ್ತಿನ ಬಹುಪಾಲು ಪೆಟ್ರೋಲ್ ಕಾರುಗಳನ್ನು ಓಡಿಸಿತು.

ಭಾರತದಲ್ಲಿ ಈ ಸಾಮಾನಿನ ಕಥೆಗೆ ಎರಡು ದಕ್ಷಿಣದ ಊರುಗಳ ನಂಟಿದೆ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿನ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. 1961ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಲೂಕಾಸ್-ಟಿವಿಎಸ್ ಡಿಸ್ಟ್ರಿಬ್ಯೂಟರು, ಕಾಯಿಲು, ಸ್ಟಾರ್ಟರುಗಳನ್ನು ಕೊಟ್ಟಿತು. 1957ರಿಂದ 2014ರವರೆಗೆ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರ್, ಮುಂಬಯಿಯ ಕುರ್ಲಾದಿಂದ ಬಂದ ಪದ್ಮಿನಿ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800, ಇವೇ ಇಂದು ‘ಹಳೆಯ ಗಾಡಿ’ ಎನ್ನಿಸಿಕೊಂಡಿರುವವು. 1980ರ ದಶಕದಿಂದ ಅಂಬಾಸಡರುಗಳಿಗೂ ಡೀಸೆಲ್ ಎಂಜಿನ್ ಬಂತು. ಡೀಸೆಲಿಗೆ ಕಿಡಿ ಬೇಡ, ಪ್ಲಗ್ ವೈರೂ ಬೇಡ. ಬಾಡಿಗೆಗೆ ಓಡುವ ಗಾಡಿಗಳು ಅತ್ತ ವಾಲಿದ ಮೇಲೆ ಪೆಟ್ರೋಲ್ ಎಂಜಿನ್ ಉಳಿದದ್ದು ಮುಖ್ಯವಾಗಿ ಮನೆಯ ಕಾರುಗಳಲ್ಲಿ, ಓಮ್ನಿ ವ್ಯಾನುಗಳಲ್ಲಿ. ಕೆಎ-32 ಫಲಕದ ಇಂಥ ಕಾರುಗಳ ಬಾನೆಟ್ ತೆರೆದವರಿಗೆ ಮೊದಲು ಕಣ್ಣಿಗೆ ಬೀಳುವುದು ಡಿಸ್ಟ್ರಿಬ್ಯೂಟರಿನ ತಲೆಯಿಂದ ಹೊರಟ ಕರಿ ತಂತಿಗಳ ಗುಂಪು.

ಕಿಡಿ ಹುಟ್ಟುವ ಬಗೆಯನ್ನು ತಿಳಿಯದೆ ತಂತಿಯ ರಿಪೇರಿ ಅರ್ಥವಾಗದು. ಬ್ಯಾಟರಿಯ 12 ವೋಲ್ಟ್ ಕರೆಂಟು ಕಾಯಿಲಿನ ದಪ್ಪ ಸುತ್ತಿನಲ್ಲಿ ಹರಿದು ಅಯಸ್ಕಾಂತ ಕ್ಷೇತ್ರವನ್ನು ಕಟ್ಟುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ತೆರೆದ ಕ್ಷಣ ಆ ಕ್ಷೇತ್ರ ಕುಸಿಯುತ್ತದೆ. ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ವೋಲ್ಟೇಜು ಜಿಗಿಯುತ್ತದೆ. ಅದನ್ನು ರೋಟರು ಸರದಿಯ ಪ್ರಕಾರ ಒಂದೊಂದು ತಂತಿಗೆ ಹಂಚುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಕಾಯಿಲು ನಿಮಿಷಕ್ಕೆ 6000 ಕಿಡಿ ಕೊಡಬೇಕು. ಒಂದೊಂದು ಪ್ಲಗ್ ವೈರಿನ ಪಾಲಿಗೆ 1500.

ಇಲ್ಲಿ ಮನಗಾಣಬೇಕಾದ ಸಂಗತಿ ಒಂದಿದೆ. ಕಾಯಿಲಿಗೆ 20-25 ಸಾವಿರ ವೋಲ್ಟ್ ಕೊಡುವ ತಾಕತ್ತಿದ್ದರೂ, ಪ್ರತಿ ಸಲ ಅಷ್ಟು ಏರುವುದಿಲ್ಲ. ಎಲ್ಲಿ ಸುಲಭದ ದಾರಿ ಸಿಗುತ್ತದೆಯೋ ಅಲ್ಲಿ ಕಿಡಿ ಹಾರುತ್ತದೆ, ವೋಲ್ಟೇಜು ಅಲ್ಲಿಗೇ ನಿಲ್ಲುತ್ತದೆ. ಪ್ಲಗ್ಗಿನ 0.6 ಮಿ.ಮೀ. ಸಂದಿಗಿಂತ ತಂತಿಯ ಬಿರುಕೇ ಸುಲಭವೆನಿಸಿದರೆ ಕರೆಂಟು ಬಿರುಕಿನಿಂದ ಎಂಜಿನ್ನಿನ ಕಬ್ಬಿಣಕ್ಕೆ ಇಳಿದುಬಿಡುತ್ತದೆ. ಗಾಡಿ ನಿಂತಲ್ಲೇ ನಡೆಯುವಾಗ ಸಿಲಿಂಡರಿನೊಳಗೆ ಒತ್ತಡ ಕಡಿಮೆ, ಕಿಡಿಗೆ ಬೇಕಾದ ವೋಲ್ಟೇಜೂ ಕಡಿಮೆ. ಆಗ ಹಾಳಾದ ತಂತಿಯೂ ಸರಿಯಾಗಿರುವಂತೆ ತೋರುತ್ತದೆ. ಐದು ಜನ ಕೂತು ಏರು ಹತ್ತುವಾಗ ಆಕ್ಸಲರೇಟರ್ ಒತ್ತಿದರೆ ಒಳಗಿನ ಒತ್ತಡ ಹೆಚ್ಚುತ್ತದೆ, ಬೇಕಾದ ವೋಲ್ಟೇಜು ಏರುತ್ತದೆ, ದುರ್ಬಲ ಜಾಗ ಬಾಯಿಬಿಡುತ್ತದೆ. ‘ಊರಾಗ ಛಲೋ ನಡೀತದ, ಲೋಡ್ ಬಿದ್ರ ಮಿಸ್ ಹೊಡೀತದ’ ಎಂಬ ದೂರಿನ ಹಿಂದೆ ಇರುವುದು ಬಹಳ ಸಲ ಇದೇ.

ತಂತಿಯ ಒಳತಿರುಳು ಮೂರು ಬಗೆಯದು. ಹಳೆಯ ಅಂಬಾಸಡರ್, ಜೀಪುಗಳಲ್ಲಿ ತಾಮ್ರದ ಎಳೆಗಳು. ಇವಕ್ಕೆ ಪ್ರತಿರೋಧ ಇಲ್ಲವೆಂದೇ ಹೇಳಬಹುದು. ಎರಡನೆಯದು ಕಾರ್ಬನ್ ಲೇಪಿಸಿದ ಗಾಜಿನ ನಾರು ಅಥವಾ ಇತರ ನಾರಿನ ತಿರುಳು. ಮೀಟರ್ ಉದ್ದಕ್ಕೆ ಸುಮಾರು 10ರಿಂದ 25 ಕಿಲೋಓಮ್ ಪ್ರತಿರೋಧ ಬರುತ್ತದೆ. ಮೂರನೆಯದರಲ್ಲಿ ನಾರಿನ ಮೇಲೆ ಕೂದಲೆಳೆಯ ಲೋಹದ ತಂತಿಯನ್ನು ಸುರುಳಿ ಸುತ್ತಿರುತ್ತಾರೆ. ಪ್ರತಿರೋಧ ಮೀಟರಿಗೆ ಕೆಲವೇ ಕಿಲೋಓಮ್. ಬೇಕೆಂದೇ ಪ್ರತಿರೋಧ ಇಡುವುದೇಕೆ? ಕಿಡಿಯೊಂದು ಹಾರಿದಾಗಲೆಲ್ಲ ತಾಮ್ರದ ತಂತಿ ಪುಟ್ಟ ಪ್ರಸಾರ ಕೇಂದ್ರದಂತೆ ರೇಡಿಯೋ ಅಲೆಗಳನ್ನು ಹೊರಬಿಡುತ್ತದೆ. ಕಾರಿನ ರೇಡಿಯೋದಲ್ಲಿ ಕಲಬುರಗಿ ಆಕಾಶವಾಣಿಯ ಮಧ್ಯಮ ತರಂಗದ ಕಾರ್ಯಕ್ರಮ ಹಚ್ಚಿದರೆ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಚರಚರ ಸದ್ದು ಕೇಳುವುದು ಅದರಿಂದಲೇ. ಸರ್ಕ್ಯೂಟಿನಲ್ಲಿ ಕೆಲವು ಕಿಲೋಓಮ್ ಇದ್ದರೆ ಆ ಅಲೆ ಅಡಗುತ್ತದೆ, ಕಿಡಿಯ ಬಲಕ್ಕೆ ಹೇಳಿಕೊಳ್ಳುವಂಥ ಕೊರತೆ ಆಗುವುದಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಗಳಿಗಂತೂ ಪ್ರತಿರೋಧದ ತಂತಿಯೇ ಆಗಬೇಕು. ಬರಿಯ ತಾಮ್ರದ ಅಲೆಯಿಂದ ಮಾಡ್ಯೂಲಿನ ಕೆಲಸ ಕೆಡಬಹುದು.

ಹೊರಹೊದಿಕೆಯ ಚರಿತ್ರೆಯೂ ಬೆಳೆದು ಬಂದದ್ದೇ. ಮೊದಲು ನೈಸರ್ಗಿಕ ರಬ್ಬರು, ಅದರ ಮೇಲೆ ವಾರ್ನಿಶ್ ಬಳಿದ ಹತ್ತಿಯ ನೇಯ್ಗೆ. ಅಧಿಕ ವೋಲ್ಟೇಜಿನ ತಂತಿಯ ಸುತ್ತ ಗಾಳಿಯಲ್ಲಿ ಓಝೋನ್ ಉಂಟಾಗುತ್ತದೆ, ಓಝೋನ್ ರಬ್ಬರನ್ನು ಸೀಳುತ್ತದೆ. ಹೀಗಾಗಿ ಮುಂದೆ ಇಪಿಡಿಎಂ, ಹೈಪಲಾನ್ ಬಗೆಯ ಕೃತಕ ರಬ್ಬರು ಬಂತು. ಆ ಮೇಲೆ ಸಿಲಿಕೋನ್. ಸಿಲಿಕೋನ್ ಹೊದಿಕೆ 200 ಡಿಗ್ರಿಯ ಶಾಖವನ್ನೂ ತಾಳುತ್ತದೆ. ಆದರೆ ಮೆತ್ತಗಿರುವುದರಿಂದ ಚೂಪು ಅಂಚಿಗೆ ತಾಗಿದರೆ ಸೀಳುತ್ತದೆ, ಕ್ಲಿಪ್ಪಿನಲ್ಲಿ ಹಿಡಿದು ಎಳೆದರೆ ಹರಿಯುತ್ತದೆ. ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರ ಹಾಯುವ ತಂತಿಗೆ ಸಿಲಿಕೋನೇ ಸೂಕ್ತ. ತಗಡಿನ ಅಂಚಿಗೆ ಉಜ್ಜುವ ಕಡೆ ಹಾಯಿಸುವುದಾದರೆ ಅದರ ಮೇಲೊಂದು ರಕ್ಷಣೆಯ ಕೊಳವೆ ಬೇಕು.

ಕಾಗಿಣಾ ಸೀಮೆಯ ಹವೆಯಲ್ಲಿ ತಂತಿ ಕೆಡುವ ಕ್ರಮ ತಾರ್ಕಿಕವಾಗಿದೆ. ಒಣ ಸುಣ್ಣಕಲ್ಲಿನ ಪುಡಿ ಕರೆಂಟನ್ನು ಹರಿಯಗೊಡುವುದಿಲ್ಲ. ಬೇಸಿಗೆ ಪೂರ್ತಿ ಅದು ತಂತಿಯ ಮೇಲೆ, ಕ್ಯಾಪಿನ ಗೂಡುಗಳ ನಡುವೆ ತೆಪ್ಪಗೆ ಕೂತಿರುತ್ತದೆ. ಎಂಜಿನ್ನಿನ ಎಣ್ಣೆಯ ಜಿಡ್ಡು ಅದನ್ನು ಹಿಡಿದಿಡುತ್ತದೆ. ಅದೇ ಹೊತ್ತಿಗೆ ಬಿಸಿಲು, ಎಂಜಿನ್ ಶಾಖ ಎರಡೂ ಸೇರಿ ರಬ್ಬರನ್ನು ಗಡುಸು ಮಾಡಿ ತಂತಿಯ ತುದಿಯ ರಬ್ಬರ್ ಗವಸಾದ ಬೂಟಿನ ಬಾಯಲ್ಲಿ ಸಣ್ಣ ಬಿರುಕು ತರುತ್ತವೆ. ಜೂನ್ ಮೊದಲ ವಾರದ ಮಳೆಗೆ ತೇವ ಏರಿದಾಗ ಸಿಮೆಂಟ್ ಪುಡಿಯಲ್ಲಿನ ಕ್ಷಾರ, ಲವಣಗಳು ಕರಗುತ್ತವೆ. ತೆಳುವಾದ ಆ ಒದ್ದೆ ಪದರದ ಮೇಲೆ ಕರೆಂಟು ಹರಿಯುತ್ತದೆ. ಹರಿದ ಜಾಗದಲ್ಲಿ ಕಾರ್ಬನ್ ಗೆರೆ ಸುಟ್ಟು ಉಳಿಯುತ್ತದೆ. ಆ ಗೆರೆ ಒಮ್ಮೆ ಮೂಡಿತೆಂದರೆ ಒಣಗಿದ ಮೇಲೂ ಕಿಡಿಗೆ ಅದೇ ದಾರಿ. ವಾಡಿ, ಶಹಾಬಾದಿನಂಥ ಧೂಳಿನ ಊರುಗಳಲ್ಲಿ ಹಳೆಯ ಕಾರು ಇಟ್ಟವರು ಮೇ ಕೊನೆಗೆ ಕ್ಯಾಪು, ಕಾಯಿಲಿನ ಮೂತಿ, ತಂತಿಗಳನ್ನು ಒಣ ಬಟ್ಟೆಯಿಂದ ಒರೆಸಿಟ್ಟುಕೊಳ್ಳುವುದು ಹೊಸ ತಂತಿ ಕೊಳ್ಳುವುದಕ್ಕಿಂತ ದೊಡ್ಡ ಲಾಭ.

ಚಿಂಚೋಳಿಯ ಕಡೆಯ ಪರಿಸರ ಬೇರೆ. ಕುಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯದ ನೆರೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಪ್ರದೇಶ. ಅಲ್ಲಿ ಧೂಳಿಗಿಂತ ಇಬ್ಬನಿ, ತೇವ ಹೆಚ್ಚು. ರಾತ್ರಿ ಬಯಲಲ್ಲಿ ನಿಂತ ಕಾರು ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದೆ ಹೋದರೆ ಮೊದಲು ಕ್ಯಾಪಿನ ಒಳಗಿನ ಬೆವರನ್ನು ಒರೆಸಬೇಕು. ಇನ್ನು ತೊಗರಿಯ ನಾಡಿನ ಇನ್ನೊಂದು ಕಾಟ ಇಲಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಬೆಳೆಯುವ ಊರುಗಳಲ್ಲಿ ಕಾಳು ಇಟ್ಟ ಗೋದಾಮು, ದಾಲ್ ಮಿಲ್ಲು, ಅಂಗಳದ ಪಕ್ಕ ನಿಲ್ಲಿಸಿದ ಗಾಡಿಯ ಬಾನೆಟ್ಟಿನೊಳಗೆ ಬೆಚ್ಚನೆಯ ಜಾಗ ಹುಡುಕಿಕೊಂಡು ಇಲಿ ಬರುತ್ತದೆ. ಅದು ಕಡಿದ ತಂತಿಯ ಗಾಯ ಬಹಳ ಸಲ ಕೆಳಮೈಯಲ್ಲಿ ಇರುತ್ತದೆ. ಮೇಲಿಂದ ನೋಡಿದರೆ ಕಾಣುವುದಿಲ್ಲ.

ಹಾಳಾದ ತಂತಿಯನ್ನು ಪತ್ತೆ ಹಚ್ಚುವುದು ರಿಪೇರಿಯ ಅರ್ಧ ಭಾಗ. ಸರಳ ಉಪಾಯ ಕತ್ತಲೆ. ರಾತ್ರಿ ದೀಪ ಆರಿಸಿ, ಬಾನೆಟ್ ತೆರೆದು ಎಂಜಿನ್ ನಡೆಸಿದರೆ ಸೋರುವ ಜಾಗದಲ್ಲಿ ನೀಲಿ ಕಿಡಿಯೋ ಮಂಕು ಬೆಳಕೋ ಕಾಣುತ್ತದೆ, ಟಿಕ್ ಟಿಕ್ ಸದ್ದೂ ಕೇಳುತ್ತದೆ. ಏನೂ ಕಾಣದಿದ್ದರೆ ಸ್ಪ್ರೇ ಬಾಟಲಿಯಿಂದ ತಂತಿಗಳ ಮೇಲೆ ನೀರಿನ ಹನಿ ಮಂಜಿನಂತೆ ಹಾಯಿಸಿ ನೋಡುತ್ತಾರೆ. ಮಿರಗದ ದಿನವನ್ನೇ ಗ್ಯಾರೇಜಿಗೆ ಕರೆತಂದ ಹಾಗೆ ದೋಷ ಹೊರಬೀಳುತ್ತದೆ. ಹಗಲಲ್ಲಾದರೆ ಒಳ್ಳೆಯ ಹಿಡಿಯ ಸ್ಕ್ರೂಡ್ರೈವರಿನ ಲೋಹದ ದಂಡಕ್ಕೆ ವೈರು ಕಟ್ಟಿ ಅದರ ಇನ್ನೊಂದು ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಹಚ್ಚಬೇಕು. ಆ ದಂಡದ ತುದಿಯನ್ನು ತಂತಿಯ ಗುಂಟ ನಿಧಾನ ಸರಿಸಿದರೆ ಬಿರುಕು ಬಂದಲ್ಲಿ ಕಿಡಿ ಜಿಗಿಯುತ್ತದೆ.

ನಡೆಯುವ ಎಂಜಿನ್ನಿನ ಒಂದೊಂದೇ ಪ್ಲಗ್ ವೈರನ್ನು ಬರಿಗೈಯಲ್ಲಿ ಕಿತ್ತು ‘ಯಾವ ಸಿಲಿಂಡರ್ ಕೆಲಸ ಮಾಡವಲ್ದು’ ಎಂದು ನೋಡುವ ರೂಢಿ ಹಳೆಯದು. ಅದನ್ನು ಬಿಡುವುದು ಒಳ್ಳೆಯದು. ಹೊಡೆಯುವ ಶಾಕು ಒಂದು ಮಾತು. ಬೆಚ್ಚಿ ಹಿಂದೆ ಸರಿದ ಕೈ ಫ್ಯಾನಿಗೆ ಸಿಕ್ಕುವುದು ಅದಕ್ಕಿಂತ ದೊಡ್ಡ ಅಪಾಯ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ನಡೆಯುವ ಎಂಜಿನ್ನಿನ ಹತ್ತಿರ ಈ ಕೆಲಸಕ್ಕೆ ಬಾಗಲೇಬಾರದು. ಕರೆಂಟಿಗೆ ನೆಲದ ದಾರಿ ಇಲ್ಲದೆ ತಂತಿಯನ್ನು ಗಾಳಿಯಲ್ಲಿ ತೂಗುಬಿಟ್ಟರೆ ಕಾಯಿಲು ತನ್ನ ಪೂರ್ತಿ ವೋಲ್ಟೇಜಿಗೆ ಏರಿ ತನ್ನದೇ ಒಳಹೊದಿಕೆಯನ್ನು ಸುಡಬಹುದು. ಎಲೆಕ್ಟ್ರಾನಿಕ್ ಮಾಡ್ಯೂಲ್ ಇದ್ದರೆ ಅದಕ್ಕೂ ಕೇಡು. ಎಂಜಿನ್ ನಿಲ್ಲಿಸಿ, ವೈರಿನ ತುದಿಗೆ ಹಳೆಯ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಎಂಜಿನ್ನಿಗೆ ತಾಗಿಸಿಟ್ಟು, ಪೆಟ್ರೋಲ್ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸ್ಟಾರ್ಟರ್ ಹೊಡೆದು ನೋಡುವುದು ಸುರಕ್ಷಿತ ಕ್ರಮ.

ಮೀಟರು ಇದ್ದರೆ ಕೆಲಸ ಇನ್ನೂ ಖಚಿತ. ತಂತಿಯನ್ನು ಪೂರ್ತಿ ಬಿಚ್ಚಿ, ಎರಡೂ ತುದಿಗೆ ಮೀಟರಿನ ಮುಳ್ಳು ಹಿಡಿದು ಕಿಲೋಓಮ್ ಅಳೆಯಬೇಕು. ಅಳೆಯುತ್ತಲೇ ತಂತಿಯನ್ನು ಬಾಗಿಸಿ, ತುದಿಗಳನ್ನು ಮೆಲ್ಲಗೆ ಅಲ್ಲಾಡಿಸಬೇಕು. ಅಂಕಿ ಕುಣಿದರೆ ತುದಿಯ ಹಿಡಿತ ಸಡಿಲ. ಒಂದೇ ಸೆಟ್ಟಿನ ತಂತಿಗಳಲ್ಲಿ ಪ್ರತಿರೋಧ ಉದ್ದಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಇರಬೇಕು. ಗಿಡ್ಡ ತಂತಿ ಉದ್ದದ್ದಕ್ಕಿಂತ ಹೆಚ್ಚು ತೋರಿಸಿದರೆ ಅದರ ತಿರುಳು ಸುಟ್ಟಿದೆ. ಆದರೆ ಮೀಟರು ಹೇಳದ ಮಾತೊಂದಿದೆ: ಅದರೊಳಗಿನ ಬ್ಯಾಟರಿ ಕೆಲವೇ ವೋಲ್ಟಿನದು, 15 ಸಾವಿರ ವೋಲ್ಟಿಗೆ ಹೊದಿಕೆ ಸೋರುತ್ತದೆಯೇ ಎಂಬುದನ್ನು ಅದು ತೋರಿಸಲಾರದು. ಹೊದಿಕೆಗೆ ಕತ್ತಲೆಯ ಪರೀಕ್ಷೆ, ತಿರುಳಿಗೆ ಮೀಟರಿನ ಪರೀಕ್ಷೆ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟ ಕಡೆಯೇ ತಂತಿ ಸರಿ ಇದೆ ಎಂಬ ತಪ್ಪು ತೀರ್ಪು ಬರುತ್ತದೆ.

ತಂತಿಯದಲ್ಲದ ತಪ್ಪನ್ನು ತಂತಿಯ ತಲೆಗೆ ಕಟ್ಟುವುದೂ ಉಂಟು. ಕ್ಯಾಪಿನ ನಡುವಿನ ಕಾರ್ಬನ್ ಬ್ರಷ್ ಸವೆದಿರಬಹುದು, ರೋಟರಿನಲ್ಲಿ ಕೂದಲೆಳೆಯಷ್ಟು ಸೀಳು ಇರಬಹುದು. ಪಾಯಿಂಟಿನ ಸಂದಿ ಲೂಕಾಸ್ ಬಗೆಯ ಡಿಸ್ಟ್ರಿಬ್ಯೂಟರಿನಲ್ಲಿ 0.35ರಿಂದ 0.40 ಮಿ.ಮೀ. ಇರಬೇಕು; ಸುಮಾರು 0.2 ಮೈಕ್ರೋಫ್ಯಾರಡಿನ ಕಂಡೆನ್ಸರು ಕೈಕೊಟ್ಟರೆ ಕಿಡಿ ಹಳದಿಯಾಗಿ ಸೊರಗುತ್ತದೆ, ಪಾಯಿಂಟೂ ಸುಡುತ್ತದೆ. ಬೇಸಿಗೆಯ ದೊಡ್ಡ ಮೋಸ ಮಾತ್ರ ಪೆಟ್ರೋಲಿನದು. ಮಧ್ಯಾಹ್ನದ ಬಿಸಿಲಿಗೆ ಪಂಪು, ಪೈಪಿನೊಳಗೆ ಪೆಟ್ರೋಲು ಆವಿಯಾಗಿ ಗಾಡಿ ನಿಂತುಬಿಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾದರೆ ಮತ್ತೆ ಓಡುತ್ತದೆ. ಅಂಬಾಸಡರ್, ಪದ್ಮಿನಿ ಓಡಿಸಿದ ಡ್ರೈವರುಗಳಿಗೆ ಇದು ಚೆನ್ನಾಗಿ ಗೊತ್ತು. ಕಾದ ಕಾಯಿಲೂ ಇದೇ ರೀತಿ ಸತ್ತು ತಣಿದ ಮೇಲೆ ಬದುಕುವುದರಿಂದ ಗೊಂದಲ ಹುಟ್ಟುತ್ತದೆ. ನಿಂತ ಗಳಿಗೆಯಲ್ಲೇ ಕಿಡಿ ಇದೆಯೋ ಇಲ್ಲವೋ ನೋಡಿಕೊಂಡರೆ ತೀರ್ಮಾನ ಸುಲಭ: ಕಿಡಿ ಇದ್ದರೆ ತಪ್ಪು ಪೆಟ್ರೋಲಿನದು.

ದೋಷ ಸಿಕ್ಕ ಮೇಲೆ ತಂತಿಯನ್ನು ತೇಪೆ ಹಾಕಬಹುದೇ? ನಡುವೆ ಬಿರುಕಾದ ತಂತಿಗೆ ಕರಿ ಟೇಪು ಸುತ್ತಿ ದಾರಿ ಸಾಗಿಸುವುದು ಮನೆ ಮುಟ್ಟುವ ಮಟ್ಟಿಗೆ ಸರಿ. ಸಾಮಾನ್ಯ ಪಿವಿಸಿ ಟೇಪು 600 ವೋಲ್ಟಿಗೆಂದು ಮಾಡಿದ್ದು. ಅದರ ಅಂಟು ಎಂಜಿನ್ ಶಾಖಕ್ಕೆ ಜಾರಿ, ಧೂಳನ್ನು ಹಿಡಿದು, ಹೊಸದೊಂದು ಸೋರಿಕೆಯ ದಾರಿಯನ್ನೇ ಹಾಸುತ್ತದೆ. ಎರಡು ತುಂಡು ಹೈಟೆನ್ಷನ್ ತಂತಿಯನ್ನು ಗಂಟು ಹಾಕಿ ಕೂಡಿಸುವುದಂತೂ ಕೂಡದು. ತುದಿಯ ದೋಷಕ್ಕೆ ಮಾತ್ರ ನಿಜವಾದ ರಿಪೇರಿ ಇದೆ: ಸುಟ್ಟ ತುದಿಯ ಅರ್ಧ ಇಂಚು ಕತ್ತರಿಸಿ ಹೊಸ ಟರ್ಮಿನಲ್ ಹಾಕುವುದು. ಅದಕ್ಕಾಗಿಯೇ ಮೊದಲ ಸಲ ತಂತಿ ಕತ್ತರಿಸುವಾಗ ಒಂದಿಷ್ಟು ಉದ್ದ ಬಿಟ್ಟಿರಬೇಕು.

ಹೊಸದಾಗಿ ಅಳತೆಗೆ ಮಾಡಿಕೊಳ್ಳುವುದು ಯಾಕೆ ಬೇಕು ಎಂದರೆ, ಉತ್ಪಾದನೆ ನಿಂತ ಕಾರಿಗೆ ಸರಿಯಾದ ಸಿದ್ಧ ಸೆಟ್ಟು ಎಲ್ಲ ಕಡೆ ಸಿಗುವುದಿಲ್ಲ. ಎಲ್ಲ ಗಾಡಿಗೂ ಹೊಂದುತ್ತದೆಂದು ಮಾರುವ ಸೆಟ್ಟಿನಲ್ಲಿ ಒಂದು ತಂತಿ ಗಿಡ್ಡವಾಗಿ ಬಿಗಿದು ನಿಲ್ಲುತ್ತದೆ, ಇನ್ನೊಂದು ಉದ್ದವಾಗಿ ಎಗ್ಸಾಸ್ಟಿನ ಮೇಲೆ ಜೋಲುತ್ತದೆ. ಮೀಟರ್ ಲೆಕ್ಕದಲ್ಲಿ ತಂತಿ, ಬಿಡಿ ಟರ್ಮಿನಲ್, ಬೂಟು ತಂದು ಆ ಎಂಜಿನ್ನಿಗೇ ಅಳೆದು ಮಾಡಿದ ಸೆಟ್ಟು ಅದಕ್ಕಿಂತ ಮೇಲು. ಬಿಡಿ ಸಾಮಾನಿಗೆ ಈ ಸೀಮೆಗೆ ಎರಡು ದಿಕ್ಕು: ಬೆಂಗಳೂರಿನ ಜೆ.ಸಿ. ರಸ್ತೆ, ಸಿಕಂದರಾಬಾದಿನ ರಾಣಿಗಂಜ್. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ರೈಲುದಾರಿ ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೇ ಹಾಯುವುದರಿಂದ ರಾಣಿಗಂಜ್ ಹತ್ತಿರದ್ದು.

ಅಳತೆ ತಂತಿ ಹಾಯುವ ದಾರಿಯದು, ನೇರ ಅಂತರದ್ದಲ್ಲ. ಒಂದು ಹಗ್ಗವನ್ನೋ ಹಳೆಯ ವೈರನ್ನೋ ಕ್ಯಾಪಿನ ಗೂಡಿನಿಂದ ಕ್ಲಿಪ್ಪುಗಳ ಮೂಲಕ ಪ್ಲಗ್ಗಿನ ತಲೆಯವರೆಗೆ ಹಾಯಿಸಿ ಗುರುತು ಮಾಡಬೇಕು. ಎಂಜಿನ್ನು ರಬ್ಬರಿನ ಮೌಂಟಿನ ಮೇಲೆ ಕೂತಿದೆ, ಸ್ಟಾರ್ಟ್ ಮಾಡುವಾಗ ಹೊಯ್ದಾಡುತ್ತದೆ. ಕಾಯಿಲು ಬಾಡಿಗೆ ಬಿಗಿದಿದ್ದರೆ ಅದರಿಂದ ಬರುವ ತಂತಿಗೆ ಆ ಹೊಯ್ದಾಟಕ್ಕೆ ಬೇಕಾದ ಸಡಿಲು ಕೊಡಬೇಕು. ಟರ್ಮಿನಲ್ಲಿನೊಳಗೆ ಮಡಚುವ ಭಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕತ್ತರಿಸುವುದು ಹರಿತವಾದ ಬ್ಲೇಡಿನಿಂದ, ಒಂದೇ ಏಟಿಗೆ. ಪಕ್ಕಡದಿಂದ ಜಜ್ಜಿ ಕತ್ತರಿಸಿದರೆ ಕಾರ್ಬನ್ ನಾರು ಒಳಗೇ ಮುರಿಯುತ್ತದೆ.

ಟರ್ಮಿನಲ್ ಹಾಕುವ ಮೊದಲು ಬೂಟನ್ನು ತಂತಿಗೆ ಪೋಣಿಸಿ ಹಿಂದಕ್ಕೆ ಸರಿಸಬೇಕು. ಇದನ್ನು ಮರೆತರೆ ಕ್ರಿಂಪ್ ಮಾಡಿದ್ದನ್ನು, ಅಂದರೆ ಒತ್ತಿ ಬಿಗಿದದ್ದನ್ನು, ಮತ್ತೆ ಕತ್ತರಿಸಬೇಕಾಗುತ್ತದೆ. ಬೂಟಿನೊಳಗೆ ಒಂದಿಷ್ಟು ಸಿಲಿಕೋನ್ ಗ್ರೀಸ್ ಸವರಿದರೆ ಸರಾಗ ಜಾರುತ್ತದೆ, ತೇವವನ್ನೂ ತಡೆಯುತ್ತದೆ. ಹೊದಿಕೆಯನ್ನು 12-15 ಮಿ.ಮೀ. ಸುಲಿಯುವಾಗ ಬ್ಲೇಡು ನಾರಿಗೆ ತಾಗಬಾರದು: ಹೊದಿಕೆಯ ಸುತ್ತ ಅರ್ಧ ಆಳಕ್ಕೆ ಗೆರೆ ಹಾಕಿ, ಬಾಗಿಸಿ, ಉಳಿದದ್ದನ್ನು ತಿರುಚಿ ಎಳೆದರೆ ಬರುತ್ತದೆ. ಹೊರಬಂದ ಕಾರ್ಬನ್ ನಾರನ್ನು ಹೊದಿಕೆಯ ಮೇಲೆ ಹಿಂದಕ್ಕೆ ಮಡಚಿ, ಅದರ ಮೇಲೆ ಟರ್ಮಿನಲ್ಲಿನ ಲೋಹ ಬರುವಂತೆ ಕೂರಿಸಿ ಕ್ರಿಂಪ್ ಮಾಡಬೇಕು. ನಾರನ್ನು ತುದಿಯಲ್ಲೇ ಕತ್ತರಿಸಿ, ಲೋಹ ಅದಕ್ಕೆ ತಾಗಿಯೂ ತಾಗದಂತೆ ಬಿಟ್ಟರೆ ಆ ಸಣ್ಣ ಸಂದಿಯಲ್ಲಿ ಕಿಡಿ ಜಿಗಿದು ಜಿಗಿದು ನಾರು ಸುಟ್ಟುಹೋಗುತ್ತದೆ. ಅಂಗಡಿಯಿಂದ ಬಂದ ಅಗ್ಗದ ಸೆಟ್ಟುಗಳು ಬೇಗ ಸಾಯುವುದಕ್ಕೆ ಇದೂ ಒಂದು ಕಾರಣ. ಟರ್ಮಿನಲ್ಲಿನ ಎರಡು ರೆಕ್ಕೆಗಳು ಹೊದಿಕೆಯನ್ನು ತಬ್ಬುವಂತೆ ಸುರುಳಿಯಾಗಿ ಮಡಚಿಕೊಳ್ಳಬೇಕು. ಅದಕ್ಕೆ ಅದರದೇ ಅಚ್ಚಿನ ಕ್ರಿಂಪಿಂಗ್ ಪಕ್ಕಡ ಬೇಕು. ಸಾದಾ ಪಕ್ಕಡದಿಂದ ಚಪ್ಪಟೆ ಮಾಡಿದರೆ ರೆಕ್ಕೆಯ ಅಂಚು ಹೊದಿಕೆಯನ್ನು ಕೊಯ್ಯುತ್ತದೆ. ಕೊನೆಗೆ ಕೈಯಿಂದ ಗಟ್ಟಿಯಾಗಿ ಎಳೆದು ನೋಡಿ, ಮೀಟರು ಹಿಡಿಯಬೇಕು.

ಲೂಕಾಸ್ ಪರಂಪರೆಯ ಹಳೆಯ ಡಿಸ್ಟ್ರಿಬ್ಯೂಟರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಕ್ಕದಿಂದ ತಂತಿ ತೂರಿಸುವ ಕ್ಯಾಪುಗಳಲ್ಲಿ ಟರ್ಮಿನಲ್ಲೇ ಇಲ್ಲ. ತಂತಿಯನ್ನು ಹಾಗೇ ಗೂಡಿಗೆ ತೂರಿಸಿ, ಕ್ಯಾಪಿನ ಒಳಗಿನಿಂದ ಚೂಪು ತುದಿಯ ಸ್ಕ್ರೂ ತಿರುವಿದರೆ ಅದು ಹೊದಿಕೆಯನ್ನು ಚುಚ್ಚಿ ತಾಮ್ರದ ಎಳೆಗಳಿಗೆ ಇಳಿಯುತ್ತದೆ. ಅದೇ ಕಾಲದ ಕಾಯಿಲಿನಲ್ಲಿ ತಂತಿಯನ್ನು ಒಂದು ಟೊಪ್ಪಿಗೆ ನಟ್ಟಿನೊಳಗೆ ಹಾಯಿಸಿ, ತುದಿಗೆ ಹಿತ್ತಾಳೆಯ ವಾಷರ್ ಹಾಕಿ, ಎಳೆಗಳನ್ನು ವಾಷರಿನ ಮೇಲೆ ಹೂವಿನಂತೆ ಬಿಡಿಸಿ ತಿರುವುತ್ತಿದ್ದರು. ಈ ಎರಡೂ ಕಡೆ ಕಾರ್ಬನ್ ತಂತಿ ನಡೆಯದು. ಚೂಪು ಸ್ಕ್ರೂ ನಾರನ್ನು ಹರಿದು ಹಾಕುತ್ತದೆ, ಸಂಪರ್ಕ ನಿಲ್ಲುವುದಿಲ್ಲ. ಒಳ್ಳೆಯದೆಂದು ದುಬಾರಿ ಸಿಲಿಕೋನ್ ಕಾರ್ಬನ್ ತಂತಿ ತಂದು ಇಂಥ ಕ್ಯಾಪಿಗೆ ಹಾಕಿದ ಗಾಡಿ ಕೆಲವೇ ದಿನಕ್ಕೆ ಮಿಸ್ ಹೊಡೆಯುವುದು ಇದರಿಂದಲೇ. ಅಲ್ಲಿ ತಾಮ್ರವೇ ಬೇಕು. ರೇಡಿಯೋದ ಸದ್ದಿಗೆ, ಒಳಗೇ ಪ್ರತಿರೋಧ ಇರುವ ಪ್ಲಗ್ಗನ್ನು ಹಾಕಿಕೊಳ್ಳಬಹುದು. ಹೆಸರಿನಲ್ಲಿ ಆರ್ ಅಕ್ಷರ ಇರುವ ಪ್ಲಗ್ಗುಗಳು ಅವು.

ಸಣ್ಣ ಊರಿನ ಗ್ಯಾರೇಜಿಗೆ ಅತ್ಯಂತ ಒಗ್ಗುವ ದಾರಿ ಬೈಕು, ಸ್ಕೂಟರಿನ ಸಾಮಾನಿನದು. ದ್ವಿಚಕ್ರಗಳಿಗೆ ಬಳಸುವ 7 ಮಿ.ಮೀ. ತಾಮ್ರದ ಹೈಟೆನ್ಷನ್ ವೈರು ತಾಲ್ಲೂಕು ಊರುಗಳಲ್ಲೂ ಸಿಗುವಂಥದ್ದು. ಅವುಗಳ ಬೇಕಲೈಟ್ ಪ್ಲಗ್ ಕ್ಯಾಪಿನೊಳಗೆ 5 ಕಿಲೋಓಮ್ ಪ್ರತಿರೋಧ ಇರುತ್ತದೆ, ಹಿಂದೆ ಮರಕ್ಕೆ ಹಾಕುವ ಸ್ಕ್ರೂವಿನಂಥ ಮೊಳೆ ಇರುತ್ತದೆ. ತಂತಿಯ ತುದಿಯನ್ನು ಚೌಕಾಗಿ ಕತ್ತರಿಸಿ ಕ್ಯಾಪನ್ನು ಪ್ರದಕ್ಷಿಣೆಯಾಗಿ ತಿರುವಿದರೆ ಮೊಳೆ ತಾಮ್ರದ ಎಳೆಗಳೊಳಗೆ ಗಟ್ಟಿಯಾಗಿ ಕೂರುತ್ತದೆ. ಕ್ರಿಂಪಿಂಗ್ ಪಕ್ಕಡವೂ ಬೇಡ. ಪಾಯಿಂಟು ಇರುವ ಅಂಬಾಸಡರ್, ಪದ್ಮಿನಿ, ಜೀಪಿಗೆ ಇದು ಹಂಗಾಮಿ ಏರ್ಪಾಡಲ್ಲ, ಸರಿಯಾದ ಏರ್ಪಾಡೇ. ಸಡಿಲಾದಾಗ ಕಾಲು ಇಂಚು ಕತ್ತರಿಸಿ ಮತ್ತೆ ತಿರುವಿದರೆ ಮುಗಿಯಿತು. ಇಂಥ ಕ್ಯಾಪುಗಳಲ್ಲಿ ಬಹಳಷ್ಟು ಪ್ಲಗ್ಗಿನ ತಲೆಯ ದಪ್ಪ ನಟ್ಟಿಗಲ್ಲ, ಅದರ ಕೆಳಗಿನ ಸಣ್ಣ ತಿರುಪಿಗೆ ಹೊಂದುವಂಥವು. ಕಾರಿನ ಪ್ಲಗ್ಗಿನ ತಲೆಯ ನಟ್ಟನ್ನು ಬಿಚ್ಚಬೇಕಾಗುತ್ತದೆ. ಅದು ಬಿಚ್ಚಲಾಗದ ಬಗೆಯದಾದರೆ ದಪ್ಪ ತಲೆಗೆಂದು ಮಾಡಿದ ಕ್ಯಾಪನ್ನೇ ತರಬೇಕು. ಕ್ಯಾಪಿನಲ್ಲೂ ಪ್ಲಗ್ಗಿನಲ್ಲೂ ತಂತಿಯಲ್ಲೂ ಪ್ರತಿರೋಧ ಪೇರಿಸಬಾರದು. ಒಂದು ಕಡೆ ಇದ್ದರೆ ಸಾಕು.

ಜೋಡಿಸುವಾಗ ಸರದಿ ತಪ್ಪಿದರೆ ಎಂಜಿನ್ ಸ್ಟಾರ್ಟೇ ಆಗದು, ಇಲ್ಲವೇ ಕಾರ್ಬುರೇಟರಿನಲ್ಲಿ ಪಟಾಕಿ ಹೊಡೆಯುತ್ತದೆ. ಅಂಬಾಸಡರ್, ಪದ್ಮಿನಿಗಳ ಸರದಿ 1-3-4-2. ಮಾರುತಿ 800ರದು 1-3-2. ಒಂದೊಂದೇ ತಂತಿಯನ್ನು ಬಿಚ್ಚಿ ಅದರ ಜಾಗಕ್ಕೆ ಹೊಸದನ್ನು ಹಾಕಿದರೆ ಈ ಗೊಂದಲವೇ ಇಲ್ಲ. ಹಾಯಿಸುವ ದಾರಿಯಲ್ಲೂ ಲೆಕ್ಕ ಇದೆ. 1-3-4-2ರಲ್ಲಿ ಮೂರರ ಬೆನ್ನಿಗೇ ಅದರ ಮಗ್ಗುಲಿನ ನಾಲ್ಕು ಹೊತ್ತುತ್ತದೆ, ಎರಡರ ಬೆನ್ನಿಗೆ ಒಂದು. ಮೂರರ ತಂತಿಯಲ್ಲಿ ಕರೆಂಟು ಜಿಗಿದಾಗ ಅದಕ್ಕಂಟಿ ಉದ್ದಕ್ಕೂ ಸಮಾನಾಂತರವಾಗಿ ಮಲಗಿದ ನಾಲ್ಕರ ತಂತಿಯಲ್ಲೂ ಸಣ್ಣ ಅಲೆ ಏಳುತ್ತದೆ. ಆ ಗಳಿಗೆಯಲ್ಲಿ ನಾಲ್ಕನೆಯ ಸಿಲಿಂಡರಿನಲ್ಲಿ ಹೊಸ ಪೆಟ್ರೋಲ್ ಗಾಳಿ ತುಂಬಿ ಒತ್ತಡ ಇನ್ನೂ ಕಡಿಮೆ ಇರುವುದರಿಂದ ಸಣ್ಣ ವೋಲ್ಟೇಜಿಗೂ ಕಿಡಿ ಹಾರಬಹುದು. ಆದ್ದರಿಂದ ಈ ಜೋಡಿಗಳನ್ನು ಟೈ ಹಾಕಿ ಒಟ್ಟಿಗೆ ಬಿಗಿಯಬಾರದು. ಬೆರಳಗಲ ಅಂತರ ಬಿಡಬೇಕು, ದಾಟಿಸಲೇಬೇಕಾದರೆ ಅಡ್ಡಡ್ಡ ದಾಟಿಸಬೇಕು. ಅಂದಕ್ಕೆಂದು ಎಲ್ಲ ತಂತಿಗಳನ್ನೂ ಒಂದೇ ಕಟ್ಟು ಮಾಡಿ ಮಿರಮಿರ ಮಿಂಚಿಸಿದ ಬಾನೆಟ್ಟು ನೋಡಲು ಚೆನ್ನ, ಎಂಜಿನ್ನಿಗೆ ಚೆನ್ನಲ್ಲ.

ಗ್ಯಾಸ್ ಕಿಟ್ ಹಾಕಿಸಿದ ಓಮ್ನಿ, ಮಾರುತಿಗಳಲ್ಲಿ ತಂತಿಯ ಪರೀಕ್ಷೆ ಮತ್ತೂ ಬಿಗಿ. ಎಲ್‌ಪಿಜಿ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜು ಬೇಕು. ಪೆಟ್ರೋಲಿನಲ್ಲಿ ಸರಾಗ ಓಡುವ ಗಾಡಿ ಗ್ಯಾಸಿಗೆ ಹಾಕಿದೊಡನೆ ಕುಂಟಿದರೆ ಕಿಟ್ಟನ್ನು ದೂರುವ ಮುಂಚೆ ತಂತಿ, ಪ್ಲಗ್ಗುಗಳನ್ನು ನೋಡುವುದು ನ್ಯಾಯ. ಹೊಗೆ ತಪಾಸಣೆಯಲ್ಲೂ ಇದೇ ತಂತಿ ಅಡ್ಡ ಬರುತ್ತದೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡ್ ಶೇ 3, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಒಂದು ಸಿಲಿಂಡರ್ ಹೊತ್ತದೆ ಹೋದರೆ ಅದರ ಪೆಟ್ರೋಲ್ ಸುಡದೆ ಹಾಗೇ ಸೈಲೆನ್ಸರಿನಿಂದ ಹೊರಬೀಳುತ್ತದೆ, ಹೈಡ್ರೋಕಾರ್ಬನ್ನಿನ ಅಂಕಿ ಮಿತಿಯನ್ನು ಎಷ್ಟೋ ಮೀರುತ್ತದೆ. ಕಾರ್ಬುರೇಟರಿನ ಸ್ಕ್ರೂ ತಿರುವಿ ಅದನ್ನು ಇಳಿಸಲು ಹೊರಟರೆ ಮಿಶ್ರಣ ತೆಳುವಾಗಿ ಮಿಸ್ಸಿಂಗ್ ಇನ್ನೂ ಹೆಚ್ಚುತ್ತದೆ.

ಬಹುಪಾಲು ಹೊಸ ಪೆಟ್ರೋಲ್ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೇ ಒಂದು ಕಾಯಿಲು ಕೂತಿರುವುದರಿಂದ ಈ ತಂತಿ ಇಲ್ಲ. ಹಳೆಯದನ್ನು ಓಡಿಸುವವರ ಡಿಕ್ಕಿಯಲ್ಲಿ ಮಾತ್ರ ಒಂದು ಹೆಚ್ಚಿನ ತಂತಿ ಇರುವುದು ಒಳ್ಳೆಯದು. ಅದನ್ನು ಎಂಜಿನ್ನಿನ ಅತಿ ಉದ್ದದ ತಂತಿಯ ಅಳತೆಗೆ ಕತ್ತರಿಸಿಟ್ಟರೆ ಯಾವ ಸಿಲಿಂಡರಿಗೂ ಮುಟ್ಟುತ್ತದೆ. ಜೊತೆಗೆ ಒಂದು ರೋಟರು, ಒಂದು ಕಂಡೆನ್ಸರು, ಒಂದು ಪ್ಲಗ್ ಕ್ಯಾಪು, ಒಣ ಬಟ್ಟೆ, ಉಪ್ಪುಕಾಗದದ ಒಂದು ತುಂಡು ಇದ್ದರೆ ಸೇಡಂನಿಂದ ಚಿಂಚೋಳಿಯ ದಾರಿಯಲ್ಲಿ ಮಳೆಗೆ ಸಿಕ್ಕು ನಿಂತ ಗಾಡಿಯನ್ನು ಅಲ್ಲೇ ಎಬ್ಬಿಸಬಹುದು.